ತೂಬಿನಾಚೆಯ ನೀರು: ಕರ್ನಾಟಕದ ರಾಜಕಾರಣಕ್ಕೆ ಬಂದ ಇಂಜಿನಿಯರುಗಳು

ಕರ್ನಾಟಕದ ಆಧುನಿಕ ರಾಜಕಾರಣವನ್ನು ಕುರಿತ ಅಧ್ಯಯನಗಳು ಬಹುಪಾಲು ಜಾತಿ, ಪ್ರಾಂತ್ಯ ಮತ್ತು ಪಕ್ಷಗಳ ನೆಲೆಯಿಂದ ನಡೆದಿವೆ. ನಾಯಕರು ಪಡೆದ ವೃತ್ತಿಶಿಕ್ಷಣ ಅವರ ರಾಜಕೀಯ ಆಲೋಚನೆಯನ್ನು ಹೇಗೆ ರೂಪಿಸಿತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರಪ್ಪ ಮೊಯಿಲಿ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, ಸಿದ್ದರಾಮಯ್ಯ ಮೊದಲಾದ ಹೆಸರುಗಳನ್ನು ಒಟ್ಟಿಗೆ ನೋಡಿದರೆ, ಮುಖ್ಯಮಂತ್ರಿ ಪದವಿಗೆ ನ್ಯಾಯಶಾಸ್ತ್ರದ ಓದೇ ರಾಜಮಾರ್ಗವಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ಇಂಜಿನಿಯರಿಂಗ್ ಓದಿ ಆ ಪದವಿಗೇರಿದವರು ಇಬ್ಬರೇ: ಎಚ್.ಡಿ. ದೇವೇಗೌಡ ಮತ್ತು ಬಸವರಾಜ ಬೊಮ್ಮಾಯಿ. ರಾಜಪ್ರಭುತ್ವದ ಕಾಲಕ್ಕೆ ಹಿಂದೆ ಸರಿದರೆ ಸರ್ ಎಂ. ವಿಶ್ವೇಶ್ವರಯ್ಯನವರು ಕಾಣುತ್ತಾರೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಇವರ ಪ್ರಭಾವ ಕಡಿಮೆಯದಲ್ಲ. ಮೂವರೂ ಅಧಿಕಾರ ರಾಜಕಾರಣದಲ್ಲಿ ತಮ್ಮ ಗುರುತನ್ನು ಬಹುಮಟ್ಟಿಗೆ ನೀರಿನ ಮೂಲಕವೇ ಪಡೆದವರು ಎಂಬುದು ಗಮನಾರ್ಹ.

ನೀರನ್ನು ತಡೆದು ನಿಲ್ಲಿಸುವುದು, ಏರಿಸುವುದು, ನೂರಾರು ಕಿಲೋಮೀಟರ್ ಹರಿಸುವುದು ಇವೆಲ್ಲ ಇಂಜಿನಿಯರನ ಲೆಕ್ಕಕ್ಕೆ ಸಿಗುವ ಕೆಲಸಗಳು. ತೂಬಿನಿಂದಾಚೆಗೆ ಆ ನೀರು ಯಾರ ಹೊಲಕ್ಕೆ, ಯಾವ ಬೆಳೆಗೆ, ಎಷ್ಟು ದಿನ ಎಂಬುದು ಲೆಕ್ಕಕ್ಕೆ ಸಿಕ್ಕರೂ ಆಚರಣೆಗೆ ಸಿಗದ ವಿಷಯ. ರಾಜಕಾರಣಕ್ಕೆ ಬಂದ ಇಂಜಿನಿಯರುಗಳು ಮೊದಲನೆಯದರಲ್ಲಿ ಗೆದ್ದಷ್ಟು ಎರಡನೆಯದರಲ್ಲಿ ಗೆಲ್ಲಲಿಲ್ಲ ಎಂಬುದು ಈ ಲೇಖನದ ವಾದ. ಇದನ್ನು ಪರಿಶೀಲಿಸಲು ಮೈಸೂರು ಅಥವಾ ಬೆಂಗಳೂರಿಗಿಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸೀಮೆ ಹೆಚ್ಚು ಉಪಯುಕ್ತವಾದುದು.

ನಲ್ಲೂರು, ಕಾರಿಗನೂರು, ಸಂತೇಬೆನ್ನೂರು, ಬಸವಾಪಟ್ಟಣ ಮುಂತಾದ ಊರುಗಳನ್ನೊಳಗೊಂಡ ಚನ್ನಗಿರಿ ತಾಲ್ಲೂಕಿನಲ್ಲಿ ನೀರಾವರಿಯ ಎರಡು ಯುಗಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಸೂಳೆಕೆರೆ ಅಥವಾ ಶಾಂತಿಸಾಗರ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಏರಿ ಕಟ್ಟಿ ನಿಲ್ಲಿಸಿದ ಈ ಕೆರೆಯ ನಿರ್ಮಾಣವನ್ನು ಜನಪದರು ಶಾಂತವ್ವ ಎಂಬ ಹೆಣ್ಣುಮಗಳಿಗೆ ಸಲ್ಲಿಸುತ್ತಾರೆ. ಇದು ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂಬ ಮಾತು ಪ್ರಚಲಿತವಾಗಿದೆ. ಅದನ್ನು ಅಳೆದು ನೋಡುವ ಉದ್ದೇಶ ಇಲ್ಲಿಲ್ಲ. ಸಿದ್ಧನ ತೂಬು, ಬಸವನ ತೂಬು ಎಂದು ಅದರ ತೂಬುಗಳಿಗೂ ಹೆಸರುಗಳಿವೆ. ಮನುಷ್ಯರಿಗೆ ಇಡುವ ಹೆಸರನ್ನು ತೂಬಿಗೂ ಇಟ್ಟ ಸಮಾಜಕ್ಕೆ ನೀರು ಹಂಚುವ ಜಾಗದ ಮಹತ್ವ ತಿಳಿದಿತ್ತೆಂದು ಭಾವಿಸಬಹುದು. ಇನ್ನೊಂದು, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬರುವ ಬಲದಂಡೆ ನಾಲೆ. ಕೆರೆಯ ತೂಬನ್ನು ಊರಿನ ನೀರುಗಂಟಿ ಎತ್ತುತ್ತಿದ್ದ. ನಾಲೆಯ ತೂಬು ಸರ್ಕಾರದ ಆದೇಶದಂತೆ ಏಳುತ್ತದೆ. ಈ ವ್ಯತ್ಯಾಸದ ನಡುವೆಯೇ ಇಂಜಿನಿಯರ್ ರಾಜಕಾರಣಿಯ ಉದಯವಾಯಿತು.

ವಿಶ್ವೇಶ್ವರಯ್ಯನವರನ್ನು ರಾಜಕಾರಣಿ ಎಂದು ಕರೆಯುವುದಕ್ಕೆ ಕೆಲವರ ಆಕ್ಷೇಪವಿರಬಹುದು. ಅವರು ಚುನಾವಣೆಗೆ ನಿಂತವರಲ್ಲ, ಪಕ್ಷ ಕಟ್ಟಿದವರಲ್ಲ. ಆದರೆ 1912ರ ನವೆಂಬರಿನಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿ ಅವರು ನಡೆಸಿದ್ದು ಆಡಳಿತವಷ್ಟೇ ಅಲ್ಲ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ 1884ರಿಂದ ದುಡಿದು, ಸ್ವಯಂ ನಿವೃತ್ತಿ ಪಡೆದು, 1908ರ ಮೂಸಿ ನದಿಯ ಪ್ರವಾಹದ ತರುವಾಯ ಹೈದರಾಬಾದಿಗೆ ಸಲಹೆಗಾರರಾಗಿ ಹೋದ ಅವರು 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಹುದ್ದೆಗೆ ಬಂದರು. ತಾಂತ್ರಿಕ ಶಿಕ್ಷಣ ಮತ್ತು ಕೈಗಾರಿಕೆಗಳ ವಿಷಯದಲ್ಲಿಯೂ ತಮಗೆ ಅವಕಾಶವಿರಬೇಕೆಂಬ ಅಪೇಕ್ಷೆಯನ್ನು ಅವರು ಹುದ್ದೆ ಒಪ್ಪುವ ಮುನ್ನವೇ ತಿಳಿಸಿದ್ದರು. ರಸ್ತೆ, ಕಾಲುವೆಗಳಿಗೆ ಮಾತ್ರ ಸೀಮಿತನಾದ ಇಂಜಿನಿಯರ್ ಆಗಿ ಅವರು ಬಂದಿರಲಿಲ್ಲ.

ಕನ್ನಂಬಾಡಿ ಕಟ್ಟೆಯ ಪ್ರಸಂಗದಲ್ಲಿ ಇದು ಸ್ಪಷ್ಟವಾಗುತ್ತದೆ. ಯೋಜನೆಗೆ ಸಂಸ್ಥಾನದ ಹಣಕಾಸು ಇಲಾಖೆಯಿಂದಲೇ ವಿರೋಧವಿತ್ತು. ಉತ್ಪಾದನೆಯಾಗುವ ವಿದ್ಯುತ್ತಿಗೆ ಬೇಡಿಕೆ ಎಲ್ಲಿದೆ ಎಂಬುದು ಅದರ ಪ್ರಶ್ನೆ. ವಿಶ್ವೇಶ್ವರಯ್ಯನವರು ದಿವಾನ್ ಟಿ. ಆನಂದರಾವ್ ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ ಮನವೊಲಿಸಿದ ಮೇಲೆ 1911ರ ಅಕ್ಟೋಬರ್ 12ರಂದು 81 ಲಕ್ಷ ರೂಪಾಯಿಗಳ ಅಂದಾಜಿನೊಡನೆ ಮಂಜೂರಾತಿ ದೊರೆಯಿತು. ಮದರಾಸು ಸರ್ಕಾರ ಪೂರ್ಣ ಎತ್ತರಕ್ಕೆ ಸಮ್ಮತಿಸಲಿಲ್ಲ. ಆಗ ಅವರು ಕಟ್ಟೆಯನ್ನು ಮೊದಲ ಹಂತದ ಎತ್ತರಕ್ಕೆ ಎಂದು ಒಪ್ಪಿಕೊಂಡು, ಅಡಿಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿ ಹಾಕಿಸಿದರು. ಕಟ್ಟೆಯ ಎತ್ತರದ ವ್ಯಾಜ್ಯ ಮುಗಿದದ್ದು 1924ರ ಒಪ್ಪಂದದಿಂದ. ಅಡಿಪಾಯದ ತೀರ್ಮಾನ ಅದಕ್ಕೂ ಹತ್ತು ವರ್ಷಕ್ಕೂ ಮೊದಲೇ ಆಗಿಹೋಗಿತ್ತು. ವಕೀಲನಾಗಿದ್ದರೆ ಪತ್ರವ್ಯವಹಾರದಲ್ಲಿ ಇಡಬಹುದಾಗಿದ್ದ ವಾದವನ್ನು ಅವರು ಕಲ್ಲು ಮತ್ತು ಸುರ್ಕಿಯಲ್ಲಿ ಇಟ್ಟರು. ಕಾವೇರಿ ವಿವಾದವನ್ನು ಕುರಿತು ಬರೆಯುವವರು ಈ ಅಡಿಪಾಯವನ್ನು ತಾಂತ್ರಿಕ ವಿವರವೆಂದು ದಾಟಿಹೋಗುವುದುಂಟು. ಅದು ರಾಜಕೀಯ ನಡೆಯೆಂಬುದರಲ್ಲಿ ಸಂಶಯವಿಲ್ಲ.

ದಿವಾನರಾದ ಮೇಲಿನ ಅವರ ಕಾರ್ಯಗಳು ಪರಿಚಿತವಾದವು: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ ಅವರ ಯೋಜನೆಯೇ. ದಿವಾನಗಿರಿ ಬಿಟ್ಟ ಮೇಲೆ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನೂ ವಹಿಸಿ ಮಲೆನಾಡಿನ ಅಂಚಿನ ಈ ಸೀಮೆಗೆ ಕೈಗಾರಿಕೆಯ ಪರಿಚಯ ಮಾಡಿಕೊಟ್ಟರು.

ಪ್ರಸ್ತುತ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದ ಎರಡು ಸಂಗತಿಗಳಿವೆ. ಮೊದಲನೆಯದು, ಅವರು ಮುಂಬೈ ಪ್ರಾಂತ್ಯದಲ್ಲಿ 1899ರ ಸುಮಾರಿಗೆ ನೀರಾ ಕಾಲುವೆಯ ಮೇಲೆ ರೂಪಿಸಿದ ಬ್ಲಾಕ್ ಪದ್ಧತಿ. ಅಲ್ಲಿ ಕಾಲುವೆಯ ನೀರು ಕೆಲವೇ ಹಳ್ಳಿಗಳ ಕಬ್ಬಿಗೆ ಮುಗಿದುಹೋಗುತ್ತಿತ್ತು. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಪ್ರತಿ ಬ್ಲಾಕಿನಲ್ಲೂ ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಒಂದು ಪಾಲು ಅರೆನೀರಾವರಿ ಬೆಳೆ ಎಂದು ಸರದಿಯ ಮೇಲೆ ಬೆಳೆಯುವಂತೆ ಮಾಡಿ, ಅಷ್ಟೇ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವುದು ಅದರ ತಿರುಳು. ಮುಂದೆ ಮಂಡ್ಯ ಸೀಮೆಯಲ್ಲಿ, ಇಂದು ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಲಾಗುವ ಇರ್ವಿನ್ ನಾಲೆಯಲ್ಲಿಯೂ ಇದೇ ತತ್ತ್ವವನ್ನು ಅಳವಡಿಸಲಾಯಿತು. ಹಂಚಿಕೆಯ ಪ್ರಶ್ನೆಯನ್ನು ಇಂಜಿನಿಯರಿಂಗಿನ ಭಾಷೆಯಲ್ಲೇ ಬಿಡಿಸಲು ನಡೆದ ಗಂಭೀರ ಯತ್ನವಿದು. ಆದರೆ ಅದು ನಡೆಯಬೇಕಾದರೆ ರೈತನ ಬೆಳೆಯನ್ನು ಸರ್ಕಾರ ನಿರ್ಧರಿಸಬೇಕು. ಮತ ಕೇಳಬೇಕಾಗಿಲ್ಲದ ಸರ್ಕಾರಕ್ಕೆ ಅದು ಸಾಧ್ಯ.

ಎರಡನೆಯದು ಮಿಲ್ಲರ್ ಸಮಿತಿಯ ಪ್ರಸಂಗ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿತವಾಯಿತು. ಶಿಕ್ಷಣದ ಸೌಲಭ್ಯವನ್ನು ಎಷ್ಟು ಬೇಕಾದರೂ ವಿಸ್ತರಿಸಬಹುದು, ನೇಮಕಾತಿಯಲ್ಲಿ ಮಾತ್ರ ಅರ್ಹತೆಯೇ ಅಳತೆಗೋಲಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಮಹಾರಾಜರ ಒಲವು ಬೇರೆಯಾಗಿತ್ತು. ದಿವಾನರು ಅದೇ ವರ್ಷ ಪದತ್ಯಾಗ ಮಾಡಿದರು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು. ನಾಲೆಯ ತುದಿಯ ಹಳ್ಳಿಗೂ ನೀರು ತಲುಪಬೇಕೆಂದು ಬ್ಲಾಕ್ ಪದ್ಧತಿ ರೂಪಿಸಿದ ಮನಸ್ಸು, ಅಧಿಕಾರದ ನಾಲೆಯ ತುದಿಯಲ್ಲಿದ್ದವರ ವಿಷಯದಲ್ಲಿ ಅದೇ ನ್ಯಾಯವನ್ನು ಒಪ್ಪಲಿಲ್ಲ. ಅವರ ಪ್ರಾಮಾಣಿಕತೆಯನ್ನು ಸಂದೇಹಿಸಲು ಕಾರಣವಿಲ್ಲ. ಸಮಾಜವೂ ಒಂದು ಅಚ್ಚುಕಟ್ಟು ಪ್ರದೇಶವೇ, ಅಲ್ಲಿಯೂ ಮೇಲ್ಭಾಗದವರು ನೀರನ್ನು ಮೊದಲು ಹಿಡಿಯುತ್ತಾರೆ ಎಂಬುದನ್ನು ಅವರ ಲೆಕ್ಕ ಒಳಗೊಳ್ಳಲಿಲ್ಲ ಎನ್ನಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಸೇರಿಸುವುದು ಅಗತ್ಯ. ದೊಡ್ಡ ನೀರಾವರಿ ಮತ್ತು ವಿದ್ಯುತ್ ಕಾಮಗಾರಿಗಳು ಇಂಜಿನಿಯರುಗಳು ಅಧಿಕಾರದಲ್ಲಿದ್ದಾಗ ಮಾತ್ರ ಆದವೆಂಬ ನಂಬಿಕೆ ನಿಜವಲ್ಲ. 1902ರ ಶಿವನಸಮುದ್ರದ ವಿದ್ಯುದಾಗಾರದ ಯೋಜನೆಯೂ ವೇದಾವತಿಗೆ ಕಟ್ಟಿದ ಮಾರಿಕಣಿವೆಯ ಆರಂಭವೂ ಕಾನೂನು ಓದಿದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದವು. ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿದ್ದಾಗ ಮುಖ್ಯಮಂತ್ರಿಯಾಗಿದ್ದವರು ವಕೀಲರಾದ ನಿಜಲಿಂಗಪ್ಪನವರು. 1947ರಲ್ಲಿ ಆರಂಭವಾಗಿ 1965ರ ಹೊತ್ತಿಗೆ ಮುಗಿದ ಭದ್ರಾ ಯೋಜನೆ, ಒಂದಾದ ಮೇಲೊಂದರಂತೆ ವಕೀಲರೇ ಮುಖ್ಯಮಂತ್ರಿಗಳಾಗಿದ್ದ ಅವಧಿಯಲ್ಲಿ ಪೂರ್ಣಗೊಂಡಿತು. ಇಂಜಿನಿಯರ್ ರಾಜಕಾರಣಿಯ ವೈಶಿಷ್ಟ್ಯವನ್ನು ಕಟ್ಟಿದ ಕಟ್ಟೆಗಳ ಸಂಖ್ಯೆಯಲ್ಲಿ ಹುಡುಕುವುದರಿಂದ ಫಲವಿಲ್ಲ.

ಅದು ಕಾಣುವುದು ಸದನದಲ್ಲಿ ವಾದಿಸುವ ರೀತಿಯಲ್ಲಿ. ದೇವೇಗೌಡರು ಇದಕ್ಕೆ ಉತ್ತಮ ನಿದರ್ಶನ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಜನಿಸಿದ ಅವರು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಪಡೆದು ಗುತ್ತಿಗೆದಾರರಾಗಿ ದುಡಿದರು. ಸಹಕಾರ ಸಂಘ, ತಾಲ್ಲೂಕು ಅಭಿವೃದ್ಧಿ ಮಂಡಳಿಗಳ ಮೂಲಕ ಮೇಲೆ ಬಂದು 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಆಯ್ಕೆಯಾದರು. ವಿಶ್ವೇಶ್ವರಯ್ಯನವರು ಮೇಲಿನಿಂದ ಇಳಿದು ಬಂದ ಇಂಜಿನಿಯರ್. ಇವರು ಕೆಳಗಿನಿಂದ ಏರಿದವರು. ಪದವಿಗೂ ಡಿಪ್ಲೊಮಾಕ್ಕೂ ನಮ್ಮ ಸಮಾಜ ಕಲ್ಪಿಸಿರುವ ಅಂತರ ಇಲ್ಲಿ ಅರ್ಥಪೂರ್ಣವಾದುದು. ಡಿಪ್ಲೊಮಾ ಮಾಡಿದವನು ನಕ್ಷೆ ಬರೆಯುವುದಕ್ಕಿಂತ ಹೆಚ್ಚಾಗಿ ಕಾಮಗಾರಿಯ ಸ್ಥಳದಲ್ಲಿ ನಿಲ್ಲುವವನು. ಮಣ್ಣು, ಕೂಲಿ, ಬಿಲ್ಲು, ಬಾಕಿ ಇವುಗಳ ಸಂಬಂಧವನ್ನು ನೇರವಾಗಿ ಕಂಡವನು.

ಹೇಮಾವತಿ, ಹಾರಂಗಿ, ಕಬಿನಿ ಯೋಜನೆಗಳಿಗೆ ಯೋಜನಾ ಆಯೋಗದ ಒಪ್ಪಿಗೆ ಇಲ್ಲದೆ ರಾಜ್ಯವು ತನ್ನ ಸ್ವಂತ ಸಂಪನ್ಮೂಲದಿಂದಲೇ ಕಟ್ಟೆ ಕಟ್ಟಬೇಕಾಗಿದ್ದ ಕಾಲದಲ್ಲಿ, ದೇವೇಗೌಡರು ಕಾವೇರಿ ಕೊಳ್ಳದ ಶಾಸಕರಾಗಿ, 1970ರ ದಶಕದಲ್ಲಿ ವಿರೋಧಪಕ್ಷದ ನಾಯಕರಾಗಿ ಅಂಕಿ ಅಂಶಗಳನ್ನು ಹಿಡಿದು ಮಾತನಾಡುವ ಪದ್ಧತಿಯನ್ನು ಬೆಳೆಸಿಕೊಂಡರು. 1983ರಲ್ಲಿ ಹೆಗಡೆಯವರ ಸಂಪುಟ ಸೇರಿ ಲೋಕೋಪಯೋಗಿ ಮತ್ತು ನೀರಾವರಿ ಖಾತೆಗಳನ್ನು ವಹಿಸಿಕೊಂಡರು. ಆ ದಶಕದ ಉತ್ತರಾರ್ಧದಲ್ಲಿ ನೀರಾವರಿಗೆ ಸಾಕಷ್ಟು ಹಣ ಒದಗಿಸಲಿಲ್ಲವೆಂಬ ಕಾರಣ ನೀಡಿ ಸಂಪುಟದಿಂದ ಹೊರಬಂದರು. ಹೆಗಡೆಯವರೊಡನೆ ಇದ್ದ ಪೈಪೋಟಿಯೂ ಆ ನಿರ್ಧಾರದ ಹಿಂದೆ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೂ ಅಧಿಕಾರದ ಜಗಳವನ್ನು ಆಯವ್ಯಯದ ಒಂದು ಬಾಬ್ತಿನ ಭಾಷೆಯಲ್ಲಿ ಹೇಳಲು ಆರಿಸಿಕೊಂಡದ್ದೇ ವಿಶೇಷ. ಒಂದು ಕಾಮಗಾರಿ ನಿಧಾನವಾದಷ್ಟೂ ಅದರ ವೆಚ್ಚ ಏರುತ್ತದೆ, ಅರ್ಧ ಕಟ್ಟಿದ ಕಾಲುವೆಯಿಂದ ಒಂದು ಎಕರೆಯೂ ನೆನೆಯುವುದಿಲ್ಲ ಎಂಬ ಗುತ್ತಿಗೆದಾರನ ವಿವೇಕ ಅದರ ಹಿಂದಿತ್ತು. 1996ರ ಜೂನ್‌ನಲ್ಲಿ ಪ್ರಧಾನಿಯಾದ ಮೇಲೆ, ಅರ್ಧಕ್ಕೆ ನಿಂತ ಯೋಜನೆಗಳನ್ನು ಮುಗಿಸಲು ರಾಜ್ಯಗಳಿಗೆ ಕೇಂದ್ರದಿಂದ ಸಾಲ ಒದಗಿಸುವ ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮ 1996–97ರಲ್ಲಿ ಆರಂಭವಾಯಿತು. ಅದೇ ವಿವೇಕ ಅಲ್ಲಿ ರಾಷ್ಟ್ರಮಟ್ಟದ ನೀತಿಯಾಯಿತು.

ದೇವೇಗೌಡರು ದೆಹಲಿಗೆ ಹೋದಾಗ ಮುಖ್ಯಮಂತ್ರಿ ಸ್ಥಾನ ಬಂದದ್ದು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರಿಗೆ. 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಸಮಾಜವಾದಿ, ಓದಿದ್ದು ಕಾನೂನು. ಇಂಜಿನಿಯರನ ನಂತರ ಬಂದ ಈ ವಕೀಲರ ಆಡಳಿತದಲ್ಲಿ 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಯಿತು; 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು; ಅದೇ ವರ್ಷ ಕರ್ನಾಟಕ ನೀರಾವರಿ ನಿಗಮವೂ ಹುಟ್ಟಿತು. ನೀರಾವರಿಯನ್ನು ಇಲಾಖೆಯಿಂದ ನಿಗಮಗಳಿಗೆ ವರ್ಗಾಯಿಸುವ ಈ ಪರಿಪಾಠ 1994ರ ಕೃಷ್ಣಾ ಭಾಗ್ಯ ಜಲ ನಿಗಮದಿಂದ ಮೊದಲಾಗಿತ್ತು. ಮಾರುಕಟ್ಟೆಯಿಂದ ಸಾಲ ಎತ್ತಲು ಇದರಿಂದ ಅನುಕೂಲವಾಯಿತು. ಕಾಮಗಾರಿಯ ತೀರ್ಮಾನಗಳು ಶಾಸನಸಭೆಯ ಚರ್ಚೆಯಿಂದ ಒಂದು ಹೆಜ್ಜೆ ದೂರ ಸರಿದವು ಎಂಬುದು ಅದರ ಇನ್ನೊಂದು ಮುಖ.

ಈ ನಡುವೆ ಭದ್ರಾ ಅಚ್ಚುಕಟ್ಟಿನಲ್ಲಿ ಏನಾಯಿತೆಂಬುದನ್ನು ನೋಡಬೇಕು. ಸುಮಾರು 71.5 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯ; ಒಂದು ಲಕ್ಷ ಹೆಕ್ಟೇರಿಗೂ ಮೀರಿದ ಅಚ್ಚುಕಟ್ಟು. ಯೋಜನೆ ರೂಪಿಸಿದವರು ಭತ್ತ, ಕಬ್ಬುಗಳಿಗೆ ಮಿತಿ ಹಾಕಿ ಗಣನೀಯ ಭಾಗವನ್ನು ಅರೆನೀರಾವರಿ ಬೆಳೆಗಳಿಗೆ ಗೊತ್ತುಪಡಿಸಿದ್ದರು. ಬ್ಲಾಕ್ ಪದ್ಧತಿಯ ಛಾಯೆ ಇಲ್ಲಿಯೂ ಇದೆ. ನೀರು ಬಂದ ಮೇಲೆ ರೈತರು ಭತ್ತವನ್ನೇ ಹಾಕಿದರು. ಚನ್ನಗಿರಿ ಭಾಗದಲ್ಲಿ ಕ್ರಮೇಣ ಅಡಿಕೆ ತೋಟಗಳು ಎದ್ದವು. ರೈತನ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ರಾಗಿ, ಜೋಳಕ್ಕೆ ಸಿಗದ ಬೆಲೆ ಅಡಿಕೆಗೆ ಸಿಕ್ಕಿತು. ಮನೆ ಕಟ್ಟಿತು, ಮಕ್ಕಳನ್ನು ಓದಿಸಿತು. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಮತ್ತು 1979ರ ಬಾಪೂಜಿ ಕಾಲೇಜುಗಳಿಗೆ ಸುತ್ತಣ ಹಳ್ಳಿಗಳ ಹುಡುಗರು ಹೋಗುವಂತಾದದ್ದರಲ್ಲಿ ಈ ನೀರಿನ ಪಾಲೂ ಇದೆ. ಆದರೆ ಭತ್ತ ಒಂದು ಹಂಗಾಮು ಬಿಟ್ಟರೂ ನಡೆಯುವ ಬೆಳೆ, ತೋಟ ಹಾಗಲ್ಲ. ಅದು ವರ್ಷವಿಡೀ ನೀರು ಕೇಳುತ್ತದೆ. ಮಳೆ ಕೈಕೊಟ್ಟ ವರ್ಷ ನಾಲೆಯ ಮೇಲ್ಭಾಗದ ತೋಟ ಮತ್ತು ಕೊನೆಭಾಗದ ಭತ್ತ ಪರಸ್ಪರ ಎದುರಾಳಿಗಳಾಗುತ್ತವೆ. ಎಷ್ಟು ದಿನ ಹರಿಸಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂದು ನೀರಾವರಿ ಸಲಹಾ ಸಮಿತಿ ಗೊತ್ತುಮಾಡುವ ವೇಳಾಪಟ್ಟಿಯೇ ಆಗ ಚಳವಳಿಯ ವಿಷಯವಾಗುತ್ತದೆ. ಗೊತ್ತುಪಡಿಸಿದ ಬೆಳೆಪದ್ಧತಿಯನ್ನು ಜಾರಿಗೆ ತರುವ ಮಾತನ್ನು ಯಾವ ಪಕ್ಷವೂ ಗಟ್ಟಿಯಾಗಿ ಆಡಿಲ್ಲ. ಇಂಜಿನಿಯರ್ ಮಂತ್ರಿಗಳೂ ಇದಕ್ಕೆ ಹೊರತಲ್ಲ. ಲೆಕ್ಕ ಅವರಿಗೆ ತಿಳಿಯದ್ದಲ್ಲ. ಮತಗಟ್ಟೆಯಲ್ಲಿ ಬ್ಲಾಕ್ ಪದ್ಧತಿ ನಡೆಯುವುದಿಲ್ಲ ಎಂಬುದೂ ಅವರಿಗೆ ತಿಳಿದಿತ್ತು.

ಬಸವರಾಜ ಬೊಮ್ಮಾಯಿಯವರ ತಲೆಮಾರಿಗೆ ಬಂದಾಗ ಈ ಇಕ್ಕಟ್ಟಿಗೆ ಹೊಸ ಉತ್ತರವೊಂದು ರೂಪುಗೊಂಡದ್ದನ್ನು ಕಾಣುತ್ತೇವೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಪುಣೆಯ ಟೆಲ್ಕೊದಲ್ಲಿ ಕೆಲಕಾಲ ಕೆಲಸ ಮಾಡಿ, ತಂದೆ ಎಸ್.ಆರ್. ಬೊಮ್ಮಾಯಿಯವರ ರಾಜಕೀಯ ಪರಂಪರೆಯೊಳಗೆ ಬೆಳೆದವರು ಅವರು. 2008ರಿಂದ 2013ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದರು. 2021ರ ಜುಲೈ 28ರಿಂದ 2023ರ ಮೇ ತಿಂಗಳವರೆಗೆ ಮುಖ್ಯಮಂತ್ರಿಯಾಗಿದ್ದರು. ಅವರ ಕ್ಷೇತ್ರವಾಗಿದ್ದ ಶಿಗ್ಗಾವಿಯಲ್ಲಿ ತೆರೆದ ಕಾಲುವೆಯ ಬದಲು ಕೊಳವೆಮಾರ್ಗದ ಮೂಲಕ ನೀರುಣಿಸುವ ಯೋಜನೆ ಕಾರ್ಯಗತವಾಯಿತು. 2013ರಿಂದ 2018ರವರೆಗೆ ಅದೇ ಖಾತೆ ನಿರ್ವಹಿಸಿದ ಎಂ.ಬಿ. ಪಾಟೀಲರೂ ಇಂಜಿನಿಯರಿಂಗ್ ಪದವೀಧರರೇ. ವಿಜಯಪುರ ಸೀಮೆಯಲ್ಲಿ ನದಿನೀರಿನಿಂದ ಕೆರೆ ತುಂಬಿಸುವ ಕಾರ್ಯಕ್ಕೆ ಅವರು ಒತ್ತು ಕೊಟ್ಟರು. ಬೇರೆ ಬೇರೆ ಪಕ್ಷಗಳ ಇಬ್ಬರು ಇಂಜಿನಿಯರುಗಳು ಒಬ್ಬರ ಬೆನ್ನಿಗೊಬ್ಬರು ಹತ್ತು ವರ್ಷ ಜಲಸಂಪನ್ಮೂಲ ಖಾತೆ ನಿರ್ವಹಿಸಿದ್ದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಜಗಳೂರಿಗೆ ಸಂಬಂಧಿಸಿದ ಭದ್ರಾ ಮೇಲ್ದಂಡೆ ಯೋಜನೆ ಈ ಹೊಸ ಉತ್ತರದ ದೊಡ್ಡ ರೂಪ. ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ 29.90 ಟಿ.ಎಂ.ಸಿ. ನೀರನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಒಯ್ದು, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಪ್ರದೇಶಕ್ಕೆ ಹನಿ ಮತ್ತು ತುಂತುರು ವಿಧಾನದಲ್ಲಿ ಕೊಡುವುದು ಅದರ ಉದ್ದೇಶ. ಹರಿಸಿ ಬಿಡುವ ನೀರಿನಲ್ಲಿ ಮೇಲಿನ ಹೊಲದವನು ಒಡ್ಡು ಕಟ್ಟಬಲ್ಲ, ರಾತ್ರಿ ತೂಬು ಎತ್ತಬಲ್ಲ. ಕೊಳವೆಯೊಳಗಿನ ಒತ್ತಡದ ನೀರಿಗೆ ಹಾಗೆ ಮಾಡುವುದು ಸುಲಭವಲ್ಲ. ತೂಬಿನಾಚೆಗೆ ನಡೆಯುವ ರಾಜಕಾರಣವನ್ನು ವಿನ್ಯಾಸದಿಂದಲೇ ತಡೆಯುವ ಯತ್ನವೆಂದು ಇದನ್ನು ಓದಬಹುದು. ಯೋಜನೆಯ ಹೊಣೆ ಹೊತ್ತ ನಿಗಮಕ್ಕೆ ವಿಶ್ವೇಶ್ವರಯ್ಯ ಜಲ ನಿಗಮ ಎಂದು ಹೆಸರಿಟ್ಟಿರುವುದು ಈ ದೃಷ್ಟಿಯಿಂದ ಒಪ್ಪುವಂಥದು. ಎತ್ತಿ ಹರಿಸಿದ ಭದ್ರೆಯ ನೀರೂ ಸೇರಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ತರುವಾಯ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಹರಿಯಿತು.

ವಿನ್ಯಾಸ ರಾಜಕಾರಣವನ್ನು ಕಾಲುವೆಯ ತುದಿಯಿಂದ ತೆಗೆದರೆ ಅದು ಕಾಲುವೆಯ ತಲೆಗೆ ಬಂದು ಕೂರುತ್ತದೆ. 2023ರ ಫೆಬ್ರವರಿ 1ರ ಕೇಂದ್ರ ಆಯವ್ಯಯದಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾದಾಗ ಬೊಮ್ಮಾಯಿಯವರು ಮುಖ್ಯಮಂತ್ರಿ. ಮರುವರ್ಷ ಆ ಹಣ ಬಂದಿಲ್ಲವೆಂಬುದು ದೆಹಲಿಯಲ್ಲಿ ನಡೆದ ಪ್ರತಿಭಟನೆಯಲ್ಲಿ ರಾಜ್ಯದ ದೂರುಗಳಲ್ಲೊಂದಾಯಿತು. 2025ರಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಬೇರೆ ತಾಲ್ಲೂಕುಗಳ ಕುಡಿಯುವ ನೀರಿಗೆ ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆ ಭಾಗದ ರೈತರು ಬೀದಿಗಿಳಿದರು. ಕುಡಿಯುವ ನೀರು ಕೇಳುವವರು ಅನ್ಯಾಯ ಕೇಳುತ್ತಿಲ್ಲ. ಆರು ದಶಕಗಳಿಂದ ನಾಲೆಯನ್ನು ನಂಬಿದವರ ಭಯವೂ ಸುಳ್ಳಲ್ಲ. ಒಂದೇ ಜಿಲ್ಲೆಯ ಚನ್ನಗಿರಿಗೆ ಭದ್ರೆ ಹಳೆಯ ಹಕ್ಕು, ಜಗಳೂರಿಗೆ ಅದು ಬರಬೇಕಾದ ಪಾಲು.

ನೆರೆಯ ರಾಜ್ಯದೊಡನೆಯೂ ಇದೇ ಕಥೆ. ಮಹದಾಯಿ ವಿವಾದದಲ್ಲಿ ಕಳಸಾ ಬಂಡೂರಿಗಾಗಿ 2007ರಲ್ಲಿ ಪಾದಯಾತ್ರೆ ನಡೆಸಿದ ಬೊಮ್ಮಾಯಿಯವರು ಮೆಕ್ಯಾನಿಕಲ್ ಇಂಜಿನಿಯರ್. ಗೋವಾದ ಪರ ನಿಂತ ಮನೋಹರ ಪರಿಕ್ಕರ್ ಮುಂಬೈ ಐ.ಐ.ಟಿ.ಯಲ್ಲಿ ಲೋಹಶಾಸ್ತ್ರ ಓದಿದವರು. ಇಬ್ಬರೂ ಒಂದೇ ಪಕ್ಷದವರಾಗಿದ್ದ ಕಾಲದಲ್ಲೂ ವಿವಾದ ಬಗೆಹರಿಯಲಿಲ್ಲ. ಕ್ಯೂಸೆಕ್ಕನ್ನು ಇಬ್ಬರೂ ಒಂದೇ ಬಗೆಯಲ್ಲಿ ಅಳೆಯಬಲ್ಲವರು. ಯಾವ ದಡದಲ್ಲಿ ನಿಂತು ಅಳೆಯಬೇಕೆಂಬುದನ್ನು ಅವರ ಮತದಾರರು ಮೊದಲೇ ಗೊತ್ತುಮಾಡಿದ್ದರು. ಕೊನೆಗೆ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿದ್ದು ನ್ಯಾಯಾಧೀಶರಿದ್ದ ನ್ಯಾಯಮಂಡಳಿ.

ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ಇಂಜಿನಿಯರಿಂಗ್ ಪದವಿ ಹಳ್ಳಿಯ ಮನೆಗಳಿಗೂ ಬಂದಿದೆ. ಮುಂದಿನ ಶಾಸಕರಲ್ಲಿ ಈ ಪದವಿ ಪಡೆದವರು ಹೆಚ್ಚಬಹುದು. ಅವರಲ್ಲಿ ಬಹುಮಂದಿಗೆ ಅದು ನೀರಿನ ಓದಾಗಿರದೆ ಕಂಪ್ಯೂಟರಿನ ಓದಾಗಿರುತ್ತದೆ. ಚನ್ನಗಿರಿಯ ತೋಟದ ಆದಾಯದಿಂದ ಓದಿ ಬೆಂಗಳೂರಿನಲ್ಲಿ ನೆಲೆಸಿದವನು ಊರಿಗೆ ಮರಳಿ ಚುನಾವಣೆಗೆ ನಿಂತರೆ ಅವನ ಮುಂದೆ ಬರುವ ಮೊದಲ ಅರ್ಜಿ ನಾಲೆಯ ನೀರಿನದೇ ಆಗಿರುತ್ತದೆ; ಅರ್ಜಿ ತಂದವರಲ್ಲಿ ಮೇಲ್ಭಾಗದ ತೋಟದವರೂ ಕೊನೆಭಾಗದ ಗದ್ದೆಯವರೂ ಇರುತ್ತಾರೆ.